ಟೂಲ್‌ಬಾರಿನ ಮೂರು ಬೆಕ್ಕುಗಳು

2003ರ ಆಸುಪಾಸಿನಲ್ಲಿ ಜಾವಾದಲ್ಲಿ ವೆಬ್ ಕೆಲಸ ಮಾಡುತ್ತಿದ್ದ ಅನೇಕರ ಕಂಪ್ಯೂಟರಿನಲ್ಲಿ ಎಕ್ಲಿಪ್ಸ್ ಎಂಬ ಕೋಡ್ ಬರೆಯುವ ಉಪಕರಣ ತೆರೆದರೆ, ಮೇಲಿನ ಪಟ್ಟಿಯಲ್ಲಿ ಸಾಲಾಗಿ ಮೂರು ಪುಟ್ಟ ಬೆಕ್ಕುಗಳು ಕಾಣುತ್ತಿದ್ದವು. ಒಂದನ್ನು ಒತ್ತಿದರೆ ಟಾಮ್‌ಕ್ಯಾಟ್ ಸರ್ವರ್ ಏಳುತ್ತಿತ್ತು, ಇನ್ನೊಂದನ್ನು ಒತ್ತಿದರೆ ಮಲಗುತ್ತಿತ್ತು, ಮತ್ತೊಂದು ಮಲಗಿಸಿ ಎಬ್ಬಿಸುತ್ತಿತ್ತು. ಸಿಸ್ಡಿಯೊ ಎಂಬ ಫ್ರೆಂಚ್ ಕಂಪನಿ ಪುಕ್ಕಟೆಯಾಗಿ ಹಂಚಿದ ಪ್ಲಗಿನ್ ಅದು. ಬೆಕ್ಕುಗಳು ಎಲ್ಲರ ಕಣ್ಣಿಗೂ ಬೀಳುತ್ತಿದ್ದವು. ಅದೇ ಪ್ಲಗಿನ್ ಸದ್ದಿಲ್ಲದೆ ಮಾಡುತ್ತಿದ್ದ ಇನ್ನೊಂದು ಕೆಲಸ ಅಷ್ಟಾಗಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೊಸ ಪ್ರಾಜೆಕ್ಟ್ ಶುರುವಾದಾಗ ಅದು ತಾನೇ ಹೋಗಿ ಟಾಮ್‌ಕ್ಯಾಟಿನ ಸರ್ವರ್.ಎಕ್ಸ್‌ಎಂಎಲ್ ಫೈಲಿನಲ್ಲಿ ಒಂದು ನಮೂದು ಮಾಡಿ ಬರುತ್ತಿತ್ತು: ಈ ವಿಳಾಸದಿಂದ ಶುರುವಾಗುವ ರಿಕ್ವೆಸ್ಟುಗಳೆಲ್ಲ ಈ ಫೋಲ್ಡರಿನಲ್ಲಿರುವ ಅಪ್ಲಿಕೇಶನ್ನಿಗೆ.

ವೆಬ್ ಸರ್ವರಿನ ಕೆಲಸದಲ್ಲಿ ಇದಕ್ಕಿಂತ ಹಳೆಯ ಪ್ರಶ್ನೆ ಇನ್ನೊಂದಿಲ್ಲ. ತಾಲೂಕು ಕಚೇರಿಯ ಟಪಾಲು ಗುಮಾಸ್ತನ ಮೇಜಿನ ಮೇಲೆ ಬೀಳುವ ಅರ್ಜಿಗಳ ಹಾಗೆ, ಬ್ರೌಸರುಗಳಿಂದ ರಿಕ್ವೆಸ್ಟುಗಳು ಬಂದು ಬೀಳುತ್ತವೆ. ಯಾವುದು ಯಾವ ಶಾಖೆಗೆ ಎಂದು ಯಾರಾದರೂ ಮೊದಲೇ ಬರೆದಿಟ್ಟಿರಬೇಕು. ಯಾರು ಬರೆಯಬೇಕು, ಎಲ್ಲಿ ಬರೆಯಬೇಕು ಎಂಬುದು ಮಾತ್ರ ಮೂವತ್ತು ವರ್ಷಗಳಲ್ಲಿ ಹಲವು ಸಲ ಜಾಗ ಬದಲಿಸಿದೆ.

ಮೊದಲ ಜಾಗ ಜಿನೀವಾದ ಸರ್ನ್. ಟಿಮ್ ಬರ್ನರ್ಸ್-ಲೀ 1990ರ ಕೊನೆಯಲ್ಲಿ ನೆಕ್ಸ್ಟ್ ಕಂಪ್ಯೂಟರಿನ ಮೇಲೆ ಓಡಿಸಿದ ಸರ್ವರ್ ಮುಂದೆ ಬೆಳೆದು ಸರ್ನ್ ಎಚ್‌ಟಿಟಿಪಿಡಿ ಆಯಿತು. ಅದರ ನಿಯಮದ ಫೈಲಿನಲ್ಲಿ ಮುಖ್ಯವಾಗಿ ಬಳಕೆಯಾಗುತ್ತಿದ್ದವು ಮ್ಯಾಪ್, ಪಾಸ್, ಫೇಲ್ ಎಂಬ ಮೂರು ಪದಗಳು. ಬಂದ ವಿಳಾಸವನ್ನು ಬೇರೆಯದಕ್ಕೆ ತಿರುಗಿಸು, ಒಳಗೆ ಬಿಡು, ವಾಪಸು ಕಳಿಸು. ಸರ್ವರ್ ಈ ಸಾಲುಗಳನ್ನು ಮೇಲಿಂದ ಕೆಳಕ್ಕೆ ಓದಿಕೊಂಡು ಹೋಗುತ್ತಿತ್ತು. ಹಿಂದುಮುಂದಾದರೆ ಅರ್ಥವೇ ಬದಲು. ಬರೆಯುವವನು ಸರ್ವರಿನ ಯಜಮಾನ, ಬರೆಯುವ ಸಾಧನ ಸಾದಾ ಟೆಕ್ಸ್ಟ್ ಎಡಿಟರ್, ಆ ವಿಳಾಸದಲ್ಲಿ ಇರುತ್ತಿದ್ದುದು ಬಹುತೇಕ ಒಂದು ಫೈಲು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎಯಲ್ಲಿ ರಾಬ್ ಮೆಕೂಲ್ 1993ರಲ್ಲಿ ಬರೆದ ಸರ್ವರ್ ಮತ್ತು ಅದರ ಜೊತೆ ಬಂದ ಸಿಜಿಐ ಪದ್ಧತಿಯಿಂದ, ವಿಳಾಸದ ಆ ತುದಿಯಲ್ಲಿ ಫೈಲಿನ ಬದಲು ಒಂದು ಪ್ರೋಗ್ರಾಂ ಕೂರಬಹುದು ಎಂದಾಯಿತು. ಮೆಕೂಲ್ ಎನ್‌ಸಿಎಸ್‌ಎ ಬಿಟ್ಟ ಮೇಲೆ ಆ ಸರ್ವರಿಗೆ ತಮ್ಮ ತಮ್ಮಲ್ಲೇ ತೇಪೆ ಹಾಕಿಕೊಳ್ಳುತ್ತಿದ್ದವರು 1995ರಲ್ಲಿ ಒಂದುಗೂಡಿ ಅಪಾಚೆ ಕಟ್ಟಿದರು. ಮರುವರ್ಷ ರಾಲ್ಫ್ ಎಂಗೆಲ್‌ಶಾಲ್ ಬರೆದ ಮಾಡ್‌ರಿರೈಟ್ ಬಂತು. ವಿಳಾಸಗಳನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಹಾಕಿ ಹೇಗೆ ಬೇಕಾದರೂ ತಿರುಚುವ ಶಕ್ತಿ ಅದಕ್ಕಿತ್ತು. ಆ ಸಾಲುಗಳನ್ನು ಬರೆದವರೇ ಆರು ತಿಂಗಳ ಮೇಲೆ ಓದಿ ಅರ್ಥ ಮಾಡಿಕೊಳ್ಳಲಾರರು ಎಂಬ ಖ್ಯಾತಿಯೂ ಅದಕ್ಕೇ ಸಂದಿತು.

ಇಲ್ಲಿಯವರೆಗೆ ಪ್ರೋಗ್ರಾಂ ಬರೆಯುವವರು ಬೇರೆ, ದಾರಿ ತೋರಿಸುವ ಸಾಲು ಬರೆಯುವವರು ಬೇರೆ. ಜಾವಾ ಬಂದು ಇದನ್ನು ಕಲಕಿತು. ಸನ್ ಮೈಕ್ರೊಸಿಸ್ಟಮ್ಸ್‌ನಲ್ಲಿ ಪವನಿ ದಿವಾನ್‌ಜಿ ರೂಪಿಸಿದ ಸರ್ವ್‌ಲೆಟ್ ವಿವರಣೆಯ 1.0 ಆವೃತ್ತಿ 1997ರಲ್ಲಿ ಹೊರಬಂತು. ರಿಕ್ವೆಸ್ಟಿಗೊಂದು ಪ್ರೋಗ್ರಾಂ ಹುಟ್ಟಿ ಸಾಯುವ ಸಿಜಿಐ ರೀತಿಯ ಬದಲು, ಸರ್ವರಿನ ಒಳಗೇ ಬದುಕಿರುವ ಜಾವಾ ಕ್ಲಾಸು ಒಂದಾದ ಮೇಲೊಂದು ರಿಕ್ವೆಸ್ಟುಗಳಿಗೆ ಉತ್ತರ ಕೊಡುವ ವ್ಯವಸ್ಥೆ ಇದು. ಮೊದಮೊದಲು ದಾರಿ ತೋರಿಸುವುದು ಬಲು ಸುಲಭವಿತ್ತು. ವಿಳಾಸದಲ್ಲಿ ಸರ್ವ್‌ಲೆಟ್ ಎಂದು ಬರೆದು, ಮುಂದೆ ಕ್ಲಾಸಿನ ಹೆಸರು ಹಾಕಿದರೆ ಸಾಕು, ಇನ್ವೋಕರ್ ಎಂಬ ಮಧ್ಯವರ್ತಿ ಆ ಕ್ಲಾಸನ್ನು ಹುಡುಕಿ ಓಡಿಸುತ್ತಿತ್ತು. ಅಂದರೆ ಒಳಗಿನ ಕ್ಲಾಸಿನ ಹೆಸರು ಗೊತ್ತಿದ್ದ ಯಾರು ಬೇಕಾದರೂ ಅದನ್ನು ಹೊರಗಿನಿಂದ ಕರೆಯಬಹುದಿತ್ತು.

1999ರಲ್ಲಿ ಸರ್ವ್‌ಲೆಟ್ 2.2 ಬಂದಾಗ ಅದರ ಜೊತೆ ವೆಬ್.ಎಕ್ಸ್‌ಎಂಎಲ್ ಎಂಬ ಫೈಲು ಬಂತು. ಅದೇ ವರ್ಷ ಸನ್‌ನ ಜೇಮ್ಸ್ ಡಂಕನ್ ಡೇವಿಡ್ಸನ್ ಬರೆದಿದ್ದ ಸರ್ವರನ್ನು ಕಂಪನಿ ಅಪಾಚೆ ಸಂಸ್ಥೆಗೆ ದಾನ ಮಾಡಿತು. ಟಾಮ್‌ಕ್ಯಾಟ್ ಎಂದು ಅದಕ್ಕೆ ಹೆಸರಾಯಿತು. ಹೊಸ ಫೈಲಿನ ಹಿಂದಿದ್ದ ಯೋಚನೆ ಘನವಾದದ್ದೇ. ಅಪ್ಲಿಕೇಶನ್ನಿನ ದಾರಿಗಳೆಲ್ಲ ಅಪ್ಲಿಕೇಶನ್ನಿನ ಗಂಟಿನಲ್ಲೇ ಇರಲಿ, ಯಾವ ಕಂಪನಿಯ ಸರ್ವರಿಗೆ ಕೊಂಡೊಯ್ದರೂ ಓಡಲಿ. ಆದರೆ ಒಂದೇ ಒಂದು ವಿಳಾಸಕ್ಕೆ ಎರಡೆರಡು ಕಡೆ ಬರೆಯಬೇಕಿತ್ತು. ಮೊದಲು ಸರ್ವ್‌ಲೆಟ್ಟಿಗೊಂದು ಅಡ್ಡಹೆಸರು ಕೊಟ್ಟು ಅದರ ಕ್ಲಾಸು ಯಾವುದೆಂದು ಹೇಳಬೇಕು, ಆಮೇಲೆ ಇನ್ನೊಂದು ಕಡೆ ಆ ಅಡ್ಡಹೆಸರಿಗೆ ವಿಳಾಸದ ಮಾದರಿಯನ್ನು ಕಟ್ಟಬೇಕು. ಎಂಟು ಸಾಲು ಎಕ್ಸ್‌ಎಂಎಲ್. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. 2.3ರವರೆಗಿನ ಡಿಟಿಡಿ ಎಂಬ ನಿಯಮಪಟ್ಟಿಯ ಪ್ರಕಾರ ಸರ್ವ್‌ಲೆಟ್ ಟ್ಯಾಗುಗಳೆಲ್ಲ ಮೊದಲು, ಮ್ಯಾಪಿಂಗ್ ಟ್ಯಾಗುಗಳೆಲ್ಲ ಅವುಗಳ ನಂತರವೇ ಬರಬೇಕಿತ್ತು. ಒಂದು ಸರ್ವ್‌ಲೆಟ್, ಅದರ ಕೆಳಗೇ ಅದರ ಮ್ಯಾಪಿಂಗ್ ಎಂದು ಓದಲು ಅನುಕೂಲವಾಗುವ ಹಾಗೆ ಜೋಡಿಸಿದರೆ ಪಾರ್ಸರ್ ಸಿಟ್ಟಾಗಿ, ಇರಬೇಕಾದ ಟ್ಯಾಗುಗಳ ಉದ್ದನೆಯ ಪಟ್ಟಿಯನ್ನೇ ಮುಖಕ್ಕೆ ಎಸೆಯುತ್ತಿತ್ತು. ಆ ಪಟ್ಟಿಯಲ್ಲಿ ತಪ್ಪೆಲ್ಲಿ ಎಂದು ಹುಡುಕುವುದೇ ಒಂದು ವಿದ್ಯೆ. 2003ರ ಸರ್ವ್‌ಲೆಟ್ 2.4 ಈ ಕ್ರಮದ ಕಟ್ಟುಪಾಡನ್ನು ಸಡಿಲಿಸಿತು.

ಮಾದರಿಗಳಿಗೂ ಅವುಗಳದೇ ಆದ ಶಾಸ್ತ್ರವಿತ್ತು. ವಿಳಾಸ ಅಕ್ಷರಶಃ ಹೊಂದಿದರೆ ಮೊದಲ ಪಾಳಿ ಅದಕ್ಕೆ. ಇಲ್ಲದಿದ್ದರೆ ಆರಂಭದ ಭಾಗ ಅತಿ ಉದ್ದಕ್ಕೆ ಹೊಂದುವ ಮಾದರಿಗೆ. ಅದೂ ಇಲ್ಲವಾದರೆ ಕೊನೆಯ ಬಾಲ ನೋಡಿ ನಿರ್ಧಾರ. ಎಲ್ಲವೂ ಮುಗಿದ ಮೇಲೆ, ಬರೀ ಒಂದು ಓರೆಗೆರೆಯಷ್ಟೇ ಇರುವ ಡೀಫಾಲ್ಟ್ ಮಾದರಿ. ಈ ಓರೆಗೆರೆಯ ಪಕ್ಕ ಒಂದು ನಕ್ಷತ್ರ ಸೇರಿಸಿದರೆ ಅದು ಡೀಫಾಲ್ಟ್ ಆಗಿ ಉಳಿಯದೆ ಎಲ್ಲವನ್ನೂ ನುಂಗುವ ಮಾದರಿಯಾಗುತ್ತದೆ: ಚಿತ್ರಗಳು, ಸಿಎಸ್‌ಎಸ್, ಜಾವಾ ಬೆರೆತ ಜೆಎಸ್‌ಪಿ ಪುಟಗಳು, ಎಲ್ಲವೂ ಒಂದೇ ಸರ್ವ್‌ಲೆಟ್ಟಿನ ಬಾಯಿಗೆ. ಜಾವಾ ವೆಬ್ ಕಲಿತ ಒಂದಿಡೀ ಪೀಳಿಗೆ ಆ ನಕ್ಷತ್ರದಿಂದ ಕೈ ಸುಟ್ಟುಕೊಂಡಿದೆ.

ಇಷ್ಟಾದರೂ ಇನ್ವೋಕರಿನ ಅಡ್ಡದಾರಿ ಇರುವತನಕ ಸೋಮಾರಿಗಳಿಗೆ ಬದುಕಿತ್ತು. 2002ರಲ್ಲಿ ಆ ದಾರಿಯ ಮೂಲಕ ಜೆಎಸ್‌ಪಿ ಪುಟಗಳ ಮೂಲ ಕೋಡೇ ಹೊರಗೆ ಸೋರುವ ದೋಷ ಸಿಕ್ಕಿತು. ಟಾಮ್‌ಕ್ಯಾಟ್ ತಂಡ ಇನ್ವೋಕರನ್ನು ಮೊದಲೇ ಮುಚ್ಚಿದ ಸ್ಥಿತಿಯಲ್ಲಿ ಕೊಡಲು ಶುರುಮಾಡಿತು. ಅಲ್ಲಿಂದ ಮುಂದೆ ಪ್ರತಿ ಸರ್ವ್‌ಲೆಟ್ಟಿಗೂ ವೆಬ್.ಎಕ್ಸ್‌ಎಂಎಲ್‌ನಲ್ಲಿ ಎಂಟು ಸಾಲಿನ ಲೆಕ್ಕ ಕಡ್ಡಾಯ. ಪ್ಲಗಿನ್‌ಗಳ ಸುಗ್ಗಿ ಇದರ ಬೆನ್ನಿಗೇ ಬಂದದ್ದು ಬರೀ ಕಾಕತಾಳೀಯ ಎಂದು ಹೇಳಲಾಗದು.

ಸುಗ್ಗಿಗೆ ಹೊಲ ಆಗಲೇ ಹದವಾಗಿತ್ತು. ಐಬಿಎಂ 2001ರ ನವೆಂಬರಿನಲ್ಲಿ, 4 ಕೋಟಿ ಡಾಲರ್ ಬೆಲೆಯದು ಎಂದು ಹೇಳಿಕೊಂಡು, ಎಕ್ಲಿಪ್ಸ್‌ನ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತ್ತು. ಅದನ್ನು ಕಟ್ಟಿದವರು ಒಟ್ಟಾವಾದ ಒಟಿಐ ಕಂಪನಿಯ ಮಂದಿ. ಅದಕ್ಕೂ ಮುಂಚೆ ಐಬಿಎಂಗಾಗಿ ವಿಶುವಲ್ ಏಜ್ ಎಂಬ ಉಪಕರಣ ಮಾಡಿದ್ದವರು. ಜಾವಾ ಉಪಕರಣಗಳ ಭಾಗವನ್ನು ಜ್ಯೂರಿಕ್‌ನಲ್ಲಿ ಎರಿಕ್ ಗಾಮಾ ಮುನ್ನಡೆಸುತ್ತಿದ್ದರು. ಎಕ್ಲಿಪ್ಸ್‌ನ ನಡುವಿನ ಸಣ್ಣ ತಿರುಳೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಪ್ಲಗಿನ್ನೇ. ಜಾವಾ ಎಡಿಟರ್ ಕೂಡ ಪ್ಲಗಿನ್. ಹಾಗಾಗಿ ಹೊರಗಿನವನು ಬರೆದ ಪ್ಲಗಿನ್‌ಗೆ ಒಳಗಿನವರಷ್ಟೇ ಮರ್ಯಾದೆ. ಆ ಕಡೆ ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1996ರಲ್ಲಿ ಕ್ಸೆಲ್ಫಿ ಎಂಬ ಹೆಸರಲ್ಲಿ ಶುರುಮಾಡಿದ ನೆಟ್‌ಬೀನ್ಸ್ 1999ರಲ್ಲಿ ಸನ್‌ನ ಪಾಲಾಗಿತ್ತು. ವೆಬ್.ಎಕ್ಸ್‌ಎಂಎಲ್ ಅನ್ನು ಟ್ಯಾಗು ಮುಟ್ಟದೆ ತುಂಬುವ ಫಾರಂ ನೆಟ್‌ಬೀನ್ಸ್‌ನಲ್ಲಿ ಮೊದಲಿನಿಂದಲೂ ಎಕ್ಲಿಪ್ಸ್‌ಗಿಂತ ಅಚ್ಚುಕಟ್ಟು. ಆದರೂ ಜನ ಹೋದದ್ದು ಎಕ್ಲಿಪ್ಸ್ ಕಡೆಗೆ. ಮುಫತ್ತು ಎರಡೂ ಮುಫತ್ತೇ. ಎಕ್ಲಿಪ್ಸ್ ವೇಗವಾಗಿತ್ತು, ಪ್ಲಗಿನ್‌ಗಳ ಸಂತೆ ದೊಡ್ಡದಿತ್ತು.

ಸಂತೆಯಲ್ಲಿ ಸಿಸ್ಡಿಯೊದ ಬೆಕ್ಕುಗಳಿದ್ದವು, ಇಸ್ತಾಂಬುಲ್‌ನಿಂದ ಬಂದ ಲೊಂಬೊಜ್ ಇತ್ತು, ಅಗ್ಗದ ವಾರ್ಷಿಕ ಚಂದಾಕ್ಕೆ ಸಿಗುವ ಮೈ ಎಕ್ಲಿಪ್ಸ್ ಇತ್ತು. ಕ್ರೇಗ್ ಮೆಕ್ಲನಹಾನ್ 2000ದಲ್ಲಿ ಅಪಾಚೆಗೆ ಕೊಟ್ಟ ಸ್ಟ್ರಟ್ಸ್ ಎಂಬ ಫ್ರೇಮ್‌ವರ್ಕ್ ಅಂತೂ ದಾರಿಗಳ ಮೇಲೆ ಇನ್ನೊಂದು ಪದರವನ್ನೇ ಹೊದಿಸಿತ್ತು. ಡಾಟ್ ಡೂ ಎಂದು ಮುಗಿಯುವ ವಿಳಾಸಗಳೆಲ್ಲ ವೆಬ್.ಎಕ್ಸ್‌ಎಂಎಲ್ ಪ್ರಕಾರ ಒಂದೇ ಸರ್ವ್‌ಲೆಟ್ಟಿಗೆ. ಅಲ್ಲಿಂದ ಮುಂದೆ ಯಾವ ಕ್ಲಾಸು, ಆಮೇಲೆ ಯಾವ ಪುಟ ಎಂಬುದೆಲ್ಲ ಸ್ಟ್ರಟ್ಸ್-ಕಾನ್ಫಿಗ್ ಎಂಬ ಇನ್ನೊಂದು ಎಕ್ಸ್‌ಎಂಎಲ್‌ನಲ್ಲಿ. ದೊಡ್ಡ ಪ್ರಾಜೆಕ್ಟುಗಳಲ್ಲಿ ಆ ಫೈಲು ಸಾವಿರಾರು ಸಾಲಿಗೆ ಬೆಳೆಯುತ್ತಿತ್ತು. ಅದನ್ನು ಪೆಟ್ಟಿಗೆ, ಬಾಣಗಳ ಚಿತ್ರವಾಗಿ ತೋರಿಸಿ, ಬಾಣ ಎಳೆದರೆ ಎಕ್ಸ್‌ಎಂಎಲ್ ಬರೆದುಕೊಡುವ ಪ್ಲಗಿನ್‌ಗಳು ಬಂದವು. ಪ್ರದರ್ಶನಕ್ಕೆ ಬಹಳ ಚೆಂದ. ನೂರು ಪೆಟ್ಟಿಗೆ ದಾಟಿದ ಮೇಲೆ ಬಾಣಗಳ ನಡುವೆ ದಾರಿ ಹುಡುಕುವುದಕ್ಕಿಂತ ಫೈಲಿನಲ್ಲಿ ಕಂಟ್ರೋಲ್-ಎಫ್ ಒತ್ತುವುದೇ ಸಲೀಸು ಎಂದು ಅನುಭವಸ್ಥರು ಕಂಡುಕೊಂಡರು.

ಐಬಿಎಂ ಮತ್ತು ಲೊಂಬೊಜ್‌ನ ಕೋಡು ಸೇರಿಸಿ ಎಕ್ಲಿಪ್ಸ್ ಸಂಸ್ಥೆಯೇ ಕಟ್ಟಿದ ವೆಬ್ ಟೂಲ್ಸ್, ಚಿಕ್ಕದಾಗಿ ಡಬ್ಲ್ಯೂಟಿಪಿ, 2005ರ ಡಿಸೆಂಬರಿನಲ್ಲಿ 1.0 ಮುಟ್ಟಿತು. ಹೊಸ ಸರ್ವ್‌ಲೆಟ್ ಬೇಕೆಂದರೆ ಅದರ ವಿಝಾರ್ಡ್ ಹೆಸರು ಕೇಳುತ್ತಿತ್ತು. ಮುಂದಿನ ಪುಟದಲ್ಲಿ ಯುಆರ್‌ಎಲ್ ಮ್ಯಾಪಿಂಗ್ ಏನಿರಲಿ ಎಂದು ಕೇಳಿ, ಎಂಟು ಸಾಲನ್ನೂ ಸರಿಯಾದ ಜಾಗದಲ್ಲಿ ತಾನೇ ಬರೆಯುತ್ತಿತ್ತು. ಸರ್ವರ್ಸ್ ಎಂಬ ಕಿಟಕಿಯಲ್ಲಿ ಟಾಮ್‌ಕ್ಯಾಟಿನ ಮೇಲೆ ಎರಡು ಸಲ ಒತ್ತಿದರೆ ಪೋರ್ಟುಗಳು ಕಾಣುತ್ತಿದ್ದವು, ಮಾಡ್ಯೂಲ್ಸ್ ಎಂಬ ಪುಟದಲ್ಲಿ ಅಪ್ಲಿಕೇಶನ್ನಿನ ಮೂಲ ವಿಳಾಸವನ್ನು ಅಲ್ಲೇ ತಿದ್ದಬಹುದಿತ್ತು.

ಒಳಗೆ ಅದು ಮಾಡುತ್ತಿದ್ದುದು ಮಾತ್ರ ಬೆಕ್ಕುಗಳ ಪ್ಲಗಿನ್‌ಗಿಂತ ಬೇರೆ. ಸಿಸ್ಡಿಯೊ ನೇರವಾಗಿ ಟಾಮ್‌ಕ್ಯಾಟಿನ ಮನೆಗೇ ನುಗ್ಗಿ ಬರೆಯುತ್ತಿತ್ತು. ಡಬ್ಲ್ಯೂಟಿಪಿ ಟಾಮ್‌ಕ್ಯಾಟಿನ ಸೆಟ್ಟಿಂಗ್ ಫೈಲುಗಳ ನಕಲು ತೆಗೆದು ಸರ್ವರ್ಸ್ ಎಂಬ ಪ್ರಾಜೆಕ್ಟಿನಲ್ಲಿ ಇಟ್ಟುಕೊಂಡು, ವರ್ಕ್‌ಸ್ಪೇಸಿನ ಯಾವುದೋ ಮೂಲೆಯಲ್ಲಿ, ಚುಕ್ಕಿಯಿಂದ ಶುರುವಾಗುವ ಅಡಗು ಫೋಲ್ಡರುಗಳ ಒಳಗೆ, ಟಿಎಂಪಿ-ಸೊನ್ನೆ ಎಂಬಲ್ಲಿ ತನ್ನದೇ ಸಂಸಾರ ಹೂಡುತ್ತಿತ್ತು. ಅಸಲಿ ಟಾಮ್‌ಕ್ಯಾಟನ್ನು ಮುಟ್ಟುತ್ತಿರಲಿಲ್ಲ, ಅದು ಒಳ್ಳೆಯದೇ. ಫಲವಾಗಿ ಹೊಸಬರಿಗೆಲ್ಲ ಒಂದು ದೀಕ್ಷೆ: ಎಕ್ಲಿಪ್ಸ್‌ನಿಂದ ಸರ್ವರ್ ಎಬ್ಬಿಸಿ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 8080 ಎಂದು ಹೊಡೆದರೆ ಟಾಮ್‌ಕ್ಯಾಟಿನ ಸ್ವಾಗತ ಪುಟದ ಬದಲು, ಪುಟ ಸಿಗಲಿಲ್ಲ ಎನ್ನುವ 404. ಸರ್ವರ್ ಕೆಟ್ಟಿಲ್ಲ, ಸ್ವಾಗತ ಪುಟದ ಅಪ್ಲಿಕೇಶನ್ ಈ ನಕಲಿ ಸಂಸಾರಕ್ಕೆ ಬಂದೇ ಇಲ್ಲ. ಅಸಲಿ ಟಾಮ್‌ಕ್ಯಾಟಿನ ಸರ್ವರ್.ಎಕ್ಸ್‌ಎಂಎಲ್ ಅನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಪೋರ್ಟ್ ತಿದ್ದಿ, ಏನೂ ಬದಲಾಗದ್ದನ್ನು ಕಂಡು ತಲೆ ಚಚ್ಚಿಕೊಂಡವರು ಲೆಕ್ಕವಿಲ್ಲದಷ್ಟು ಮಂದಿ.

ಈ ಹೊತ್ತಿಗೆ ಬೆಂಗಳೂರು ಈ ಕತೆಯ ಒಳಗೆ ಗಟ್ಟಿಯಾಗಿ ಕೂತಾಗಿತ್ತು. ಸನ್ ಮತ್ತು ಐಬಿಎಂ ಎರಡಕ್ಕೂ ನಗರದಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿದ್ದವು. ವಿಟಿಯು ಪಠ್ಯದಲ್ಲಿ 'ಜಾವಾ ಆ್ಯಂಡ್ ಜೆ2ಇಇ' ಎಂಬ ವಿಷಯ ಸೇರಿತು. ಜಿಮ್ ಕಿಯೊ ಬರೆದ ದಪ್ಪ ಪುಸ್ತಕ ಕಾಲೇಜು ಲೈಬ್ರರಿಗಳಿಗೆ ಬಂತು. ಪರೀಕ್ಷೆಗೆ ಸರ್ವ್‌ಲೆಟ್ಟಿನ ಜೀವನಚಕ್ರ ಬರೆದು ಪಾಸಾದವರು ಬಿಟಿಎಂ ಲೇಔಟ್, ರಾಜಾಜಿನಗರಗಳ ತರಬೇತಿ ಕೇಂದ್ರಗಳಲ್ಲಿ ಎಕ್ಲಿಪ್ಸ್ ಮುಂದೆ ಕೂತು ಅದೇ ಸರ್ವ್‌ಲೆಟ್ ಓಡಿಸುವುದನ್ನು ಕಲಿತರು. ಸೇವಾ ಕಂಪನಿಗಳಲ್ಲಿ ಸಾಮಾನ್ಯವಾಗಿದ್ದ ಏರ್ಪಾಡು ಇದು: ಇಲ್ಲಿನ ಡೆವಲಪರ್ ಮೇಜಿನ ಮೇಲೆ ಎಕ್ಲಿಪ್ಸ್ ಮತ್ತು ಟಾಮ್‌ಕ್ಯಾಟ್, ಸಮುದ್ರದಾಚೆಯ ಗಿರಾಕಿಯ ಡೇಟಾ ಸೆಂಟರಿನಲ್ಲಿ ವೆಬ್‌ಸ್ಫಿಯರ್ ಅಥವಾ ವೆಬ್‌ಲಾಜಿಕ್ ಎಂಬ ದೊಡ್ಡ ಸರ್ವರ್, ಕೆಲವೆಡೆ ಟಾಮ್‌ಕ್ಯಾಟೇ, ಅದರ ಮುಂದೆ ಕಾವಲಿಗೆ ಒಂದು ಅಪಾಚೆ.

ಗೋಳು ಹುಟ್ಟುತ್ತಿದ್ದುದು ಆ ಕಾವಲುಗಾರನಿಂದ. ಹಿಂದೆ ಟಾಮ್‌ಕ್ಯಾಟ್ ಇದ್ದಲ್ಲಿ, ಅಪಾಚೆ ಮತ್ತು ಅದು ಮಾತಾಡಿಕೊಳ್ಳಲು ಮಾಡ್‌ಜೆಕೆ ಎಂಬ ಮಾಡ್ಯೂಲ್, ಎಜೆಪಿ ಎಂಬ ಭಾಷೆ, 8009 ಎಂಬ ಪೋರ್ಟ್. ಯಾವ ವಿಳಾಸಗಳನ್ನು ಹಿಂದಕ್ಕೆ ದಾಟಿಸಬೇಕೆಂದು ಅಪಾಚೆಯ ಫೈಲಿನಲ್ಲಿ ಜೆಕೆಮೌಂಟ್ ಸಾಲುಗಳಲ್ಲಿ ಬರೆಯಬೇಕು. ಅಲ್ಲಿಗೆ ಒಂದೇ ರಿಕ್ವೆಸ್ಟಿನ ದಾರಿ ಮೂರು ಕಡೆ ಹರಿದು ಹಂಚಿಹೋಯಿತು: ಅಪಾಚೆಯ ಫೈಲು, ಸರ್ವರ್.ಎಕ್ಸ್‌ಎಂಎಲ್, ವೆಬ್.ಎಕ್ಸ್‌ಎಂಎಲ್. ಎಕ್ಲಿಪ್ಸ್‌ನ ಪ್ಲಗಿನ್‌ಗೆ ಕೊನೆಯ ಎರಡು ಗೊತ್ತು. ಮೊದಲನೆಯದರ ಸುದ್ದಿಯೇ ಅದಕ್ಕೆ ತಿಳಿಯದು. ಡೆವಲಪರ್ ವಿಝಾರ್ಡಿನಲ್ಲಿ ಹೊಸ ವಿಳಾಸ ಸೇರಿಸುತ್ತಾನೆ, ತನ್ನ ಮೇಜಿನ ಮೇಲೆ ಎಲ್ಲ ಸರಿಯಾಗಿ ಓಡುತ್ತದೆ, ಗಿರಾಕಿಯ ಡೇಟಾ ಸೆಂಟರಿಗೆ ಹೋದ ಮೇಲೆ 404. ಪಳಗಿದವರು ಆ ದೋಷದ ಪುಟದ ಮುಖ ನೋಡಿಯೇ ಯಾರ 404 ಎಂದು ಹೇಳುತ್ತಿದ್ದರು. ಬಿಳಿ ಹಾಳೆಯ ಮೇಲೆ ಬೋಳು ಅಕ್ಷರವಿದ್ದರೆ ಅಪಾಚೆಯಲ್ಲೇ ನಿಂತಿದೆ, ನೀಲಿ ಪಟ್ಟಿಯಿದ್ದರೆ ಟಾಮ್‌ಕ್ಯಾಟ್‌ವರೆಗೆ ಹೋಗಿ ಬಿದ್ದಿದೆ.

ವೆಬ್‌ಸ್ಫಿಯರಿನಲ್ಲಿ ಇದಕ್ಕೇ ಒಂದು ಶಾಸ್ತ್ರೋಕ್ತ ವಿಧಿಯಿತ್ತು. ಮುಂದಿನ ವೆಬ್ ಸರ್ವರಿನಲ್ಲಿ ಕೂರುವ ಐಬಿಎಂ ತುಣುಕು ಪ್ಲಗಿನ್-ಸಿಎಫ್‌ಜಿ ಎಂಬ ಎಕ್ಸ್‌ಎಂಎಲ್ ಓದಿಕೊಂಡು ರಿಕ್ವೆಸ್ಟುಗಳನ್ನು ಹಂಚುತ್ತದೆ. ಅದನ್ನು ಕೈಯಲ್ಲಿ ಬರೆಯುವುದಿಲ್ಲ. ಆಡಳಿತದ ಪರದೆಯಲ್ಲಿ ಮೊದಲು 'ಜನರೇಟ್', ಆಮೇಲೆ 'ಪ್ರಾಪಗೇಟ್' ಒತ್ತಬೇಕು. ಎರಡನೆಯದನ್ನು ಮರೆತರೆ ಹೊಸ ಫೈಲು ಹಿಂದಿನ ಸರ್ವರಿನಲ್ಲೇ ಕೂತಿರುತ್ತದೆ, ಮುಂದಿನವನು ಹಳೆಯದನ್ನೇ ನಂಬಿಕೊಂಡಿರುತ್ತಾನೆ. ಎರಡೂ ಒತ್ತಿದ ಮೇಲೂ ತುಣುಕು ಆ ಫೈಲನ್ನು ತಿರುಗಿ ನೋಡುವುದು ಸಾಮಾನ್ಯವಾಗಿ 60 ಸೆಕೆಂಡಿಗೊಮ್ಮೆ. ಆ ಒಂದು ನಿಮಿಷದೊಳಗೆ ಪುಟವನ್ನು ಪರೀಕ್ಷಿಸಿ, ಆಗಿಲ್ಲವೆಂದು ತೀರ್ಮಾನಿಸಿ, ಮತ್ತೇನನ್ನೋ ತಿದ್ದಿ ಇದ್ದದ್ದನ್ನೂ ಕೆಡಿಸುವುದು ಬಹಳ ಸುಲಭ.

ಇಷ್ಟು ಹೊತ್ತಿಗೆ ಜನಕ್ಕೆ ಎಕ್ಸ್‌ಎಂಎಲ್ ಸಾಕಾಗಿತ್ತು. ಕೋಡಿನ ಮೇಲಿನ ಟಿಪ್ಪಣಿಗಳಲ್ಲೇ ದಾರಿ ಬರೆದು, ಅದರಿಂದ ವೆಬ್.ಎಕ್ಸ್‌ಎಂಎಲ್ ಹುಟ್ಟಿಸುವ ಎಕ್ಸ್‌ಡಾಕ್ಲೆಟ್ ಎಂಬ ಉಪಾಯ ಕೆಲವು ಕಾಲ ನಡೆಯಿತು. 2004ರ ಜುಲೈನಲ್ಲಿ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ ಬಿಡುಗಡೆ ಮಾಡಿದ ರೂಬಿ ಆನ್ ರೈಲ್ಸ್ ಜಾವಾ ಮಂದಿಗೆ ಕನ್ನಡಿ ಹಿಡಿಯಿತು: ದಾರಿಗಳೆಲ್ಲ ಒಂದು ಸಣ್ಣ ಫೈಲಿನಲ್ಲಿ, ಮಾಮೂಲಿ ಕೋಡಿನಲ್ಲಿ, ರೂಢಿ ಪಾಲಿಸಿದರೆ ಬರೆಯುವುದೇ ಬೇಡ. ಅದೇ ವರ್ಷ ಜಾವಾ 5 ಕೋಡಿಗೇ ಅಂಟಿಸುವ ಗುರುತುಗಳನ್ನು, ಅಂದರೆ ಅನೋಟೇಶನ್ ತಂದಿತು. 2007ರಲ್ಲಿ ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕಿನ 2.5 ಆವೃತ್ತಿಯಲ್ಲಿ ರಿಕ್ವೆಸ್ಟ್‌ಮ್ಯಾಪಿಂಗ್, 2009ರ ಸರ್ವ್‌ಲೆಟ್ 3.0ರಲ್ಲಿ ವೆಬ್‌ಸರ್ವ್‌ಲೆಟ್. ಎಂಟು ಸಾಲಿನ ಜಾಗಕ್ಕೆ ಒಂದೇ ಸಾಲು, ಅದೂ ಆ ಕ್ಲಾಸಿನ ನೆತ್ತಿಯ ಮೇಲೆ. 2014ರ ಸ್ಪ್ರಿಂಗ್ ಬೂಟ್ ಟಾಮ್‌ಕ್ಯಾಟನ್ನೇ ಅಪ್ಲಿಕೇಶನ್ನಿನ ಹೊಟ್ಟೆಯೊಳಗೆ ಇಟ್ಟುಬಿಟ್ಟಿತು. ಸರ್ವರ್ಸ್ ಕಿಟಕಿಗೆ, ಅದರ ಟಿಎಂಪಿ-ಸೊನ್ನೆಗೆ ಕೆಲಸವೇ ಇಲ್ಲವಾಯಿತು.

ಪ್ಲಗಿನ್‌ಗಳು ಸಾಯಲಿಲ್ಲ, ಕಸುಬು ಬದಲಿಸಿದವು. ಅದು ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಕುತೂಹಲದ ತಿರುವು. ಎಕ್ಸ್‌ಎಂಎಲ್ ಕಾಲದಲ್ಲಿ ಒಂದು ಅನುಕೂಲವಂತೂ ಇತ್ತು. ಎಷ್ಟೇ ಕುರೂಪಿಯಾಗಿದ್ದರೂ ದಾರಿಗಳೆಲ್ಲ ಒಂದು ಕಡೆ ಸಿಗುತ್ತಿದ್ದವು. ಅನೋಟೇಶನ್ ಬಂದ ಮೇಲೆ ಅವು ಇನ್ನೂರು ಕ್ಲಾಸುಗಳಲ್ಲಿ ಚದುರಿಹೋದವು. ಬರೆಯುವುದು ಸಲೀಸು, ಯಾವ ವಿಳಾಸ ಎಲ್ಲಿಗೆ ಹೋಗುತ್ತದೆಂದು ಕೇಳಿದರೆ ಹೇಳುವುದು ಕಷ್ಟ. ಹಾಗಾಗಿ ಸ್ಪ್ರಿಂಗ್‌ನ ಎಕ್ಲಿಪ್ಸ್ ಪ್ಲಗಿನ್‌ನಲ್ಲಿ ರಿಕ್ವೆಸ್ಟ್ ಮ್ಯಾಪಿಂಗ್ಸ್ ಎಂಬ ಕಿಟಕಿ ಬಂತು. ಚದುರಿದ ದಾರಿಗಳನ್ನೆಲ್ಲ ಹೆಕ್ಕಿ ತಂದು ಪಟ್ಟಿ ಮಾಡಿ ತೋರಿಸುವುದು ಅದರ ಕೆಲಸ. ಅಂದರೆ ವೆಬ್.ಎಕ್ಸ್‌ಎಂಎಲ್ ಅನ್ನು ಬೈದು ಅಟ್ಟಿದವರೇ ಅದರ ಪಟ್ಟಿಯನ್ನು ಮತ್ತೆ ಕಟ್ಟಿಸಿಕೊಂಡರು. ಈ ಸಲ ಓದಲಿಕ್ಕೆ ಮಾತ್ರ.

ಹಳೆಯ ಫೈಲುಗಳೂ ಪೂರ್ತಿ ಮಣ್ಣಾಗಲಿಲ್ಲ. 2020ರ ಫೆಬ್ರುವರಿಯಲ್ಲಿ ಗೋಸ್ಟ್‌ಕ್ಯಾಟ್ ಎಂಬ ದೋಷ ಬಯಲಾಯಿತು. ವರ್ಷಗಳಿಂದ ತಾನಾಗಿ ತೆರೆದುಕೊಂಡೇ ಇದ್ದ ಆ 8009 ಪೋರ್ಟಿನ ಮೂಲಕ ಹೊರಗಿನವರು ಅಪ್ಲಿಕೇಶನ್ನಿನ ಒಳಗಿನ ಫೈಲುಗಳನ್ನು, ವೆಬ್.ಎಕ್ಸ್‌ಎಂಎಲ್ ಸಮೇತ, ಓದಬಹುದಿತ್ತು. ಟಾಮ್‌ಕ್ಯಾಟ್ 9.0.31ರಿಂದ ಎಜೆಪಿಯನ್ನು ಮುಚ್ಚಿ ಕೊಟ್ಟರು. ತೆರೆಯಬೇಕೆಂದರೆ ರಹಸ್ಯ ಪದ ಬೇಕು ಎಂದರು. ಎಕ್ಲಿಪ್ಸ್‌ನಲ್ಲಿ ಟಾಮ್‌ಕ್ಯಾಟನ್ನು ಮಾತ್ರ ಹೊಸದಕ್ಕೆ ಬದಲಿಸಿದವರಿಗೆ ಸರ್ವರ್ ಏಳಲೇ ಇಲ್ಲ. ರಹಸ್ಯ ಪದವಿಲ್ಲ ಎಂದು ಅದರ ತಕರಾರು. ಡಬ್ಲ್ಯೂಟಿಪಿ ಯಾವತ್ತೋ ನಕಲು ತೆಗೆದಿಟ್ಟ ಸರ್ವರ್.ಎಕ್ಸ್‌ಎಂಎಲ್‌ನಲ್ಲಿ ಹಳೆಯ ಎಜೆಪಿ ಸಾಲು ಹಾಗೇ ಕೂತಿತ್ತು. ತಾವು ಎಂದೂ ಬಳಸದ, ಹೆಸರೂ ಕೇಳದ ಬಾಗಿಲೊಂದನ್ನು ಮುಚ್ಚಲು ಹೊಸ ಪೀಳಿಗೆಯವರು ಸರ್ವರ್ಸ್ ಪ್ರಾಜೆಕ್ಟಿನ ಒಳಗೆ ಮೊದಲ ಸಲ ಇಣುಕಿದರು.

ಅಷ್ಟರಲ್ಲಿ ದಾರಿಗಳು ಕೋಡಿನಿಂದ ಮತ್ತೆ ಹೊರಗೆ ಹೊರಟಿದ್ದವು. ಕಂಟೇನರುಗಳನ್ನು ನಿಭಾಯಿಸಲು ಗೂಗಲ್ 2014ರಲ್ಲಿ ಬಿಡುಗಡೆ ಮಾಡಿದ ಕುಬರ್ನೆಟೀಸ್‌ನಲ್ಲಿ, ಹೊರಗಿನ ವಿಳಾಸ ಒಳಗಿನ ಯಾವ ಸೇವೆಗೆ ಎಂಬುದನ್ನು ಇಂಗ್ರೆಸ್ ಎಂಬ ಯಾಮಲ್ ಫೈಲಿನಲ್ಲಿ ಬರೆಯಬೇಕು. ಟ್ಯಾಗುಗಳ ಬದಲು ಈಗ ಸಾಲಿನ ಮುಂದಿನ ಖಾಲಿ ಜಾಗಗಳ ಎಣಿಕೆ. ಎಕ್ಲಿಪ್ಸ್‌ನ ಜಾವಾ ಭಾಗ ಕಟ್ಟಿದ್ದ ಎರಿಕ್ ಗಾಮಾ 2011ರಲ್ಲಿ ಮೈಕ್ರೊಸಾಫ್ಟ್ ಸೇರಿ, ಅದೇ ಜ್ಯೂರಿಕ್‌ನಲ್ಲಿ ಕೂತು ವಿಎಸ್ ಕೋಡ್ ಎಂಬ ಎಡಿಟರ್ ಕಟ್ಟಿಸಿದರು. ಯಾಮಲ್ ಬರೆಯುವವರು ಇಂದು ಹೆಚ್ಚಾಗಿ ತೆರೆಯುವುದು ಅದನ್ನೇ. 2020ರ ಆಗಸ್ಟಿನಲ್ಲಿ ಕುಬರ್ನೆಟೀಸ್ 1.19ರೊಂದಿಗೆ ಇಂಗ್ರೆಸ್ ಪಕ್ಕಾ ಆದಾಗ ಪ್ರತಿ ದಾರಿಗೂ ಅದರ ಬಗೆ ಯಾವುದೆಂದು ಹೇಳುವುದು ಕಡ್ಡಾಯವಾಯಿತು: ಎಕ್ಸಾಕ್ಟ್ ಅಥವಾ ಪ್ರಿಫಿಕ್ಸ್, ಇಲ್ಲವಾದರೆ ನಡುವಿನ ಸರ್ವರಿನ ಇಷ್ಟಕ್ಕೆ ಬಿಟ್ಟದ್ದು. ಅಕ್ಷರಶಃ ಹೊಂದುವುದಕ್ಕೂ ಆರಂಭದ ಭಾಗ ಹೊಂದುವುದಕ್ಕೂ ಪೈಪೋಟಿ ಬಿದ್ದರೆ ಉದ್ದದ ದಾರಿಗೆ ಮೊದಲ ಪಾಳಿ, ಉದ್ದ ಸಮವಾದರೆ ಅಕ್ಷರಶಃ ಹೊಂದಿದ್ದಕ್ಕೆ. 1999ರ ವೆಬ್.ಎಕ್ಸ್‌ಎಂಎಲ್ ಓದಿದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಬಗೆ ಬರೆಯಲು ಮರೆತರೆ ವಿಎಸ್ ಕೋಡಿನ ಯಾಮಲ್ ಪ್ಲಗಿನ್ ಆ ಸಾಲಿನ ಕೆಳಗೆ ಅಂಕುಡೊಂಕಿನ ಗೆರೆಯೊಂದನ್ನು ಎಳೆದು ತಪ್ಪು ತೋರಿಸುತ್ತದೆ. ಆ ಗೆರೆ ಬರಬೇಕಾದರೆ, ಇದು ಕುಬರ್ನೆಟೀಸ್ ಫೈಲು ಎಂದು ಪ್ಲಗಿನ್‌ಗೆ ಮೊದಲೇ ಹೇಳಿಕೊಟ್ಟಿರಬೇಕು. ಅದನ್ನು ಬರೆಯುವುದು ಸೆಟ್ಟಿಂಗ್ಸ್ ಎಂಬ ಇನ್ನೊಂದು ಫೈಲಿನಲ್ಲಿ.